ಮೂರನೆಯ ಮೊಳೆಯ ಮೇಲಿನ ಸುಣ್ಣ

ಮಾಣಿಕನಗರದ ಮಠಕ್ಕೆ ಹೋಗುವ ದಾರಿಯ ಬದಿಗೆ, ಒಂದು ಅಂಗಡಿಯಲ್ಲಿ ತೆಂಗಿನಕಾಯಿ, ಊದಿನಕಡ್ಡಿ, ಕರಿದಾರಗಳ ನಡುವೆ ಕುದುರೆ ಲಾಳಗಳನ್ನು ಸಾಲಾಗಿ ಹರವಿಟ್ಟಿದ್ದರು. ಬಾಗಿಲ ಚೌಕಟ್ಟಿಗೆ ಹೊಡೆದರೆ ಮನೆಗೆ ಕೆಟ್ಟ ಕಣ್ಣು ತಾಕುವುದಿಲ್ಲವಂತೆ. ಹೋದ ತಿಂಗಳ ಮಾತಿದು. ಅಂಥ ಸಾಮಾನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದನ್ನು ಎತ್ತಿಕೊಂಡು ತಿರುಗಿಸಿ ನೋಡಿದೆ. ಮುಂತುದಿ ಸವೆದಿಲ್ಲ, ಮೊಳೆಯ ತೂತುಗಳ ಅಂಚು ಹರಿತವಾಗಿಯೇ ಇದೆ. ಯಾವ ಕುದುರೆಯ ಕಾಲಿಗೂ ಬೀಳದೆ ಕುಲುಮೆಯಿಂದ ನೇರ ಅಂಗಡಿಗೆ ಬಂದ ಕಬ್ಬಿಣ. ಹೊರಮಗ್ಗುಲಿನ ಮೂರನೆಯ ತೂತಿನ ಮೇಲೆ ಸುಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆದಿತ್ತು. ನನ್ನ ಹೆಬ್ಬೆರಳು ನನ್ನನ್ನು ಕೇಳದೆಯೇ ಆ ಗೆರೆಯನ್ನು ಒರೆಸಿಬಿಟ್ಟಿತು.

ಅಂಗಡಿಯ ಮುದುಕ ಮೊದಲು ನನ್ನ ಬೆರಳನ್ನು ನೋಡಿದ, ಆಮೇಲೆ ಮುಖವನ್ನು.

“ಒರಸೂದು ಇನ್ನೂ ಬಿಟ್ಟಿಲ್ಲೇನ್ರಿ, ಡಾಕ್ಟರ್ ಸಾಬ್?”

ಇಪ್ಪತ್ತೈದು ವರ್ಷಗಳ ಹಿಂದೆ ಹುಮನಾಬಾದಿನಲ್ಲಿ ಟಾಂಗಾ ಓಡಿಸುತ್ತಿದ್ದವನು ಅವನು. ಅವನ ಗುರುತು ನನಗೆ ಹತ್ತುವ ಮೊದಲೇ ಇನ್ನೊಬ್ಬರು ನೆನಪಾದರು. ನಾಲಬಂದ ಚಾಚಾ... ಕುದುರೆ, ಎತ್ತುಗಳಿಗೆ ಲಾಳ ಹೊಡೆಯುವವರಿಗೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಅವರ ಹೆಸರು ಏನೆಂದು ನಾನು ಒಮ್ಮೆಯೂ ಕೇಳಲಿಲ್ಲ.

ಹುಮನಾಬಾದಿನ ಟಾಂಗಾ ನಿಲ್ದಾಣದ ಬೇವಿನ ಮರದ ಕೆಳಗೆ ಅವರು ಕೂಡುತ್ತಿದ್ದರು. ಅಲ್ಲಿಂದ ದನದ ದವಾಖಾನೆಗೆ ಐವತ್ತು ಹೆಜ್ಜೆ. ನಾನು ಮುಡಬಿಯ ಒಕ್ಕಲುತನದ ಮನೆಯವನು. ಹೈದರಾಬಾದಿನಲ್ಲಿ ಪಶುವೈದ್ಯ ಓದಿ, ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಕೆಲವೇ ವರ್ಷಗಳಲ್ಲಿ ಆ ದವಾಖಾನೆಗೆ ಡಾಕ್ಟರನಾಗಿ ಬಂದಿದ್ದೆ. ಇಪ್ಪತ್ತನಾಲ್ಕು ವಯಸ್ಸು. ಇಂಗ್ಲಿಷ್ ಪುಸ್ತಕಗಳ ಒಂದು ಪೆಟ್ಟಿಗೆ, ಒಂದು ಸ್ಟೆತಸ್ಕೋಪು, ಊರಿನವರಿಗೆ ಏನೂ ತಿಳಿಯದು ಎಂಬ ಖಾತ್ರಿ. ಇಷ್ಟನ್ನೇ ಹೊತ್ತುಕೊಂಡು ಬಸ್ಸಿಳಿದಿದ್ದೆ.

ಚಾಚಾ ಮಾತು ಕಡಿಮೆ ಆಡುತ್ತಿದ್ದರು. ಕುಂಟುವ ಕುದುರೆ ಬಂದರೆ ಅದನ್ನು ಮರದಿಂದ ರಸ್ತೆಯವರೆಗೆ ನಡೆಸಿ, ತಿರುಗಿಸಿ, ವಾಪಸು ನಡೆಸಿ ನೋಡುತ್ತಿದ್ದರು. ಬಂದ ಹೊಸದರಲ್ಲಿ ಒಮ್ಮೆ ನಾನೂ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ನನ್ನ ಕಣ್ಣು ಕುದುರೆಯ ಕಾಲಿನ ಮೇಲಿತ್ತು. “ಕಾಲ ಸುಳ್ಳ ಹೇಳ್ತದ್ರಿ ಸಾಬ್, ತಲಿ ನೋಡ್ರಿ,” ಎಂದರು. ನೋವಿರುವ ಮುಂಗಾಲು ನೆಲ ಮುಟ್ಟುವಾಗ ಕುದುರೆ ತಲೆ ಎತ್ತುತ್ತದೆ. ಅದು ನನ್ನ ಪುಸ್ತಕದಲ್ಲೂ ಇತ್ತು, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಅಕ್ಷರ ಬಾರದ ಮನುಷ್ಯನ ಬಾಯಲ್ಲಿ ಅದೇ ಮಾತು ಕೇಳಿ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. ಅವರು ಆಮೇಲೆ ಕೈ ಮಗುಚಿ ಬೆರಳುಗಳ ಹಿಂಬದಿಯಿಂದ ಗೊರಸಿನ ಕಾವು ನೋಡಿದರು. ಸುತ್ತಿಗೆಯ ತುದಿಯಿಂದ ಒಂದೊಂದೇ ಮೊಳೆಯ ಮೇಲೆ ಮೆಲ್ಲಗೆ ತಟ್ಟುತ್ತ ಹೋದರು, ಕಣ್ಣು ಮಾತ್ರ ಕುದುರೆಯ ಕಿವಿಯ ಮೇಲೆ.

ಹಳೆಯವರಿಗೆ ಎಲ್ಲವೂ ತಿಳಿದಿತ್ತು ಎಂದು ಹಾಡುವವರ ಗುಂಪಿಗೆ ನಾನು ಸೇರಿದವನಲ್ಲ. ಇದೇ ಚಾಚಾ ಎತ್ತಿನ ಹೆಗಲಿಗೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುತ್ತಿದ್ದರು. ಆ ಬರೆಯ ಗಾಯದಲ್ಲಿ ಹುಳು ಬಿದ್ದ ಎತ್ತೊಂದನ್ನು ನಾನು ಕೈಯಾರೆ ತೊಳೆದಿದ್ದೇನೆ. ಒಂದೊಂದಾಗಿ ಹುಳು ಹೆಕ್ಕುವಾಗ ಹುಟ್ಟಿದ ಸಿಟ್ಟು ನ್ಯಾಯದ್ದೇ ಆಗಿತ್ತು, ಅದನ್ನು ಇಂದಿಗೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಅದನ್ನು ನಾನು ತೀರಿಸಿಕೊಂಡ ರೀತಿ... ಕೈ ತೊಳೆದುಕೊಂಡವನೇ ಬೇವಿನ ಮರದ ಕೆಳಗೆ ಹೋದೆ. ಟಾಂಗಾದವರೆಲ್ಲ ನಿಂತಿದ್ದರು. ನನ್ನ ತಂದೆಗಿಂತ ಹಿರಿಯ ಮನುಷ್ಯನಿಗೆ ಏಕವಚನದಲ್ಲಿ ಹೇಳಿದೆ:

“ನಾಲಾ ಹೊಡಿಯೂದಷ್ಟ ನಿನ್ನ ಕೆಲಸ. ಬ್ಯಾನಿ ಬಿದ್ದ ಜನಾವರಕ್ಕ ಇನ್ನೊಮ್ಮೆ ಕೈ ಹಚ್ಚಿದಿ ಅಂದ್ರ ಪೊಲೀಸರಿಗೆ ಹೇಳ್ತೀನಿ.”

ಅವರು ಕೆಳಗಿಟ್ಟಿದ್ದ ಸುತ್ತಿಗೆಯನ್ನು ಎತ್ತಿಕೊಂಡರು. “ಆತ್ರಿ ಸಾಬ್. ನನ್ನ ಕೆಲಸ ನನಗ, ನಿಮ್ಮ ಕೆಲಸ ನಿಮಗ.”

ಕೊಟ್ಟ ಮಾತು ಮುರಿಯುವ ಮನುಷ್ಯರಾಗಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಈಗ ಅಂಗಡಿ ಇಟ್ಟಿರುವ ಆ ಟಾಂಗಾದವನ ಹತ್ತಿರ ಇದ್ದದ್ದು ಒಂದೇ ಕುದುರೆ. ಕೆಂಪು ಬಣ್ಣದ ಹೆಣ್ಣು ಕುದುರೆ. ಬಸ್ ನಿಲ್ದಾಣದಿಂದ ಮಾಣಿಕನಗರಕ್ಕೆ ಮಂದಿಯನ್ನು ಒಯ್ದು ಬಿಡುವುದರ ಮೇಲೆ ಅವನ ಮನೆ ನಡೆಯುತ್ತಿತ್ತು. ಹೆಂಡತಿ, ತಾಯಿ, ಮೂರು ಹೆಣ್ಣುಮಕ್ಕಳು. ತಂಗಿಯ ಮನೆಯ ಮದುವೆಗೆಂದು ಮೋರಖಂಡಿಗೆ ಟಾಂಗಾ ಕಟ್ಟಿಕೊಂಡು ಹೋದಾಗ ಕುದುರೆಯ ಬಲ ಮುಂಗಾಲಿನ ಲಾಳ ಬಿದ್ದುಹೋಯಿತು. ಬಸವಕಲ್ಯಾಣದಲ್ಲಿ ಅಲ್ಲಿಯ ನಾಲಬಂದನಿಂದ ಹೊಸದು ಹೊಡೆಸಿಕೊಂಡು ಬಂದ. ನಾಲ್ಕನೆಯ ದಿನಕ್ಕೆ ಕುದುರೆ ಕುಂಟತೊಡಗಿತು. ಮೊದಲು ಚಾಚಾರಿಗೆ ತೋರಿಸಿದ, ಅಲ್ಲಿಂದ ಐವತ್ತು ಹೆಜ್ಜೆ ನಡೆಸಿಕೊಂಡು ನನ್ನ ಹತ್ತಿರ ಬಂದ.

ಬಲ ಭುಜದ ಮೇಲೆ ಟಾಂಗಾದ ಪಟ್ಟಿ ಉಜ್ಜಿ ಊತ ಬಂದಿತ್ತು. ಒತ್ತಿದೆ. ಕುದುರೆ ಚರ್ಮ ನಡುಗಿಸಿ ಪಕ್ಕಕ್ಕೆ ಸರಿಯಿತು. ನನಗೆ ಅಷ್ಟು ಸಾಕಾಯಿತು, ರೋಗ ಸಿಕ್ಕಿಬಿಟ್ಟಿತು. ಕಾಲನ್ನೂ ಎತ್ತಿ ನೋಡಿದೆ, ನೋಡಲಿಲ್ಲ ಎಂದು ಯಾರೂ ಅನ್ನುವಂತಿಲ್ಲ. ಗೊರಸಿನ ಹೊರಮಗ್ಗುಲಲ್ಲಿ, ಮೂರನೆಯ ಮೊಳೆಯ ನೇರಕ್ಕೆ, ಸುಣ್ಣದ ಒಂದು ಗೆರೆ ಇತ್ತು. ಇನ್ನೂ ಹಸಿಯಾಗಿತ್ತು. ಏನಿದು ಎಂದು ಕೇಳಿದೆ.

“ಚಾಚಾ ಹಚ್ಚ್ಯಾರ್ರಿ. ಇದನ್ನ ಹಿಂಗ ಕಲ್ಯಾಣಕ್ಕ...”

ಮುಂದಿನ ಮಾತಿಗೆ ನಾನು ಬಿಡಲಿಲ್ಲ. ಸುಣ್ಣದ ಬೊಟ್ಟು, ಕರಿದಾರ, ನಿಂಬೆಹಣ್ಣು ಇವನ್ನೆಲ್ಲ ಅಷ್ಟು ದಿನಕ್ಕೇ ನೋಡಿ ನೋಡಿ ಬೇಸತ್ತಿದ್ದೆ. ದೃಷ್ಟಿಗೆ ಹಚ್ಚಿದ ಸುಣ್ಣ ಎಂದುಕೊಂಡೆ. ಹತ್ತಿಗೆ ಸ್ಪಿರಿಟ್ ಹಾಕಿ ಅದನ್ನು ಒರೆಸಲಾಯಿತು.

ಒರೆಸಲಾಯಿತು. ನೋಡಿ, ಈಗಲೂ ಕೈ ಹೇಗೆ ಬರೆಯುತ್ತದೆ. ಬಹಳ ವರ್ಷ ನನ್ನ ನೆನಪಿನಲ್ಲಿ ಆ ಗೆರೆಯನ್ನು ಒರೆಸಿದವನು ದವಾಖಾನೆಯ ಕಂಪೌಂಡರ್. ಚಿತ್ರ ಸ್ಪಷ್ಟವಾಗಿತ್ತು: ಅವನ ಖಾಕಿ ಅಂಗಿ, ಬಗ್ಗಿದ ಬೆನ್ನು. ಆದರೆ ಸ್ಪಿರಿಟ್ಟಿನ ತಣ್ಣನೆಯ ಸೋಕು, ಹತ್ತಿಯೊಳಗೆ ಸುಣ್ಣದ ಸಣ್ಣ ಹರಳು ಸಿಕ್ಕಿ ಗರಗರ ಅಂದದ್ದು, ಇವು ನನ್ನ ಬೆರಳಿಗೆ ಹೇಗೆ ಗೊತ್ತು? ಇನ್ನೊಬ್ಬನ ಕೈ ಮುಟ್ಟಿದ್ದು ನನ್ನ ಕೈಗೆ ನೆನಪಿರಲಾರದು. ಒರೆಸಿದವನು ನಾನೇ. “ಸುಣ್ಣದಿಂದ ಕುಂಟ ಹೋಗೂದಿಲ್ಲ” ಎಂದು ನಕ್ಕವನೂ ನಾನೇ. ಭುಜಕ್ಕೆ ತಿಕ್ಕಲು ಎಣ್ಣೆ ಕೊಟ್ಟೆ, ಒಂದು ವಾರ ನಿಲ್ಲಿಸು ಎಂದೆ, ರಿಜಿಸ್ಟರಿನಲ್ಲಿ ‘ಬಲ ಮುಂಗಾಲು, ಭುಜದ ನೋವು’ ಎಂದು ದುಂಡಗೆ ಬರೆದೆ.

ಎರಡು ದಿನದ ಮೇಲೆ ಚಾಚಾ ದವಾಖಾನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲಿಲ್ಲ. ಕೆಲಸಕ್ಕೆ ಕೂಡುವಾಗ ತೊಡೆಗೆ ಕಟ್ಟುವ ತೊಗಲನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ತಲೆ ಎತ್ತಿ ನೋಡಿದೆ, ಮತ್ತೆ ಬರೆಯತೊಡಗಿದೆ. ಇನ್ನೊಮ್ಮೆ ನೋಡುವಾಗ ಅವರಿರಲಿಲ್ಲ. ಅಥವಾ ಅದು ಬೇರೆ ಯಾವುದೋ ದಿನವೋ... ಅವರು ಏನಾದರೂ ಹೇಳಿದರೇ? ಒಮ್ಮೊಮ್ಮೆ ಹೇಳಿದಂತೆಯೇ ಕೇಳಿಸುತ್ತದೆ. ಹೇಳಿದ್ದರೆ ತಪ್ಪು ಪೂರ್ತಿ ನನ್ನದು. ಹೇಳದೆ ಹೋಗಿದ್ದರೆ ಅರ್ಧ ಅವರದು. ಇಂಥ ಜಗಳದಲ್ಲಿ ನೆನಪು ಯಾರ ಪರ ಸಾಕ್ಷಿ ಹೇಳುತ್ತದೆ ಎಂದು ನನಗೆ ಗೊತ್ತು, ಆದ್ದರಿಂದ ಅದನ್ನು ನಂಬುವುದಿಲ್ಲ.

ಎಂಟನೆಯ ದಿನ ಟಾಂಗಾದವನು ಓಡಿ ಬಂದ. ಕುದುರೆಯ ಮೈ ಕಟ್ಟಿಗೆಯಾಗಿದೆ, ಬಾಯಿ ಬಿಚ್ಚುತ್ತಿಲ್ಲ ಎಂದ. ಅವನ ಅಂಗಳಕ್ಕೆ ಹೋದೆ. ಕುದುರೆ ನಾಲ್ಕೂ ಕಾಲು ಅಗಲಿಸಿ, ಬಾಲ ಎತ್ತಿ, ಮರದಲ್ಲಿ ಕೆತ್ತಿಟ್ಟ ಹಾಗೆ ನಿಂತಿತ್ತು. ಗದ್ದದ ಕೆಳಗೆ ಕೈಯಿಟ್ಟು ಮುಖ ಎತ್ತಿದೆ. ಕಣ್ಣಿನ ಒಳಮೂಲೆಯಿಂದ ಬಿಳಿಯ ಪೊರೆಯೊಂದು ಸರ್ರನೆ ಅರ್ಧ ಕಣ್ಣನ್ನು ಮುಚ್ಚಿತು. ಧನುರ್ವಾಯು. ಗಾಯವಿಲ್ಲದೆ ಆ ರೋಗ ಬರುವುದಿಲ್ಲ. ಗಾಳಿ ತಾಗದ, ಆಳದ, ಕಣ್ಣಿಗೆ ಕಾಣದ ಗಾಯ ಎಲ್ಲೋ ಇರಲೇಬೇಕು. ಇದೂ ಪುಸ್ತಕದಲ್ಲಿತ್ತು. ಇಕ್ಕಳ ತರಿಸಿ ನಾನೇ ಬಲಗಾಲಿನ ಲಾಳ ಕಿತ್ತೆ. ಮೂರನೆಯ ಮೊಳೆಯ ತೂತಿನಿಂದ ಕರಿಯ ನೀರು ಚಿಮ್ಮಿತು. ಆ ವಾಸನೆ...

ಸುಣ್ಣದ ಗೆರೆ ಇದ್ದ ಜಾಗ ಅದು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಅದೇ ಹೊತ್ತಿಗೆ ಮಧ್ಯಾಹ್ನದ ಬಸ್ಸಿನಿಂದ ಇಳಿದು ಚಾಚಾ ಅಂಗಳಕ್ಕೆ ಬಂದರು. ಜೊತೆಗೆ ಬಸವಕಲ್ಯಾಣದ ನಾಲಬಂದ, ಆ ಲಾಳ ಹೊಡೆದವನು.

ಅವರ ಕಸುಬಿನ ಕಟ್ಟು ನನಗೆ ಆ ದಿನ ತಿಳಿಯಿತು. ಒಬ್ಬ ಹೊಡೆದ ಲಾಳವನ್ನು ಇನ್ನೊಬ್ಬ ಬಿಚ್ಚುವಂತಿಲ್ಲ. ಬಿಚ್ಚಿದರೆ ‘ಅವನ ಕೈ ಕೆಟ್ಟಿದೆ’ ಎಂದು ಪೇಟೆಗೆಲ್ಲ ಸಾರಿದ ಹಾಗೆ, ಅವನ ಅನ್ನ ಕಿತ್ತುಕೊಂಡ ಹಾಗೆ. ತಪ್ಪು ಕಂಡವನು ಕೆಟ್ಟ ಮೊಳೆಯ ನೇರಕ್ಕೆ ಸುಣ್ಣದ ಗೆರೆ ಎಳೆದು, ಹೊಡೆದವನ ಹತ್ತಿರವೇ ಕುದುರೆಯನ್ನು ಕಳಿಸಬೇಕು. ಅವನು ಗೆರೆ ನೋಡಿ ಮಾತಿಲ್ಲದೆ ಮೊಳೆ ಕಿತ್ತು, ಕೀವು ತೆಗೆದು, ಗಾಯ ಕಟ್ಟುತ್ತಾನೆ. ಯಾರ ಕೈ ತಪ್ಪಿತು ಎಂದು ಮೂರನೆಯವರಿಗೆ ಗೊತ್ತಾಗುವುದಿಲ್ಲ. ಗೆರೆ ಎಳೆಯದೆ ಕುದುರೆಯನ್ನು ಹಾಗೇ ಬಿಟ್ಟುಕೊಟ್ಟವನು ಮಾತ್ರ ಪೂರ್ತಿ ತಪ್ಪಿತಸ್ಥ. ಚಾಚಾ ಕಸುಬು ಕಲಿತದ್ದು ಆ ಬಸವಕಲ್ಯಾಣದವನ ತಂದೆಯ ಹತ್ತಿರ. ಡಾಕ್ಟರ್ ಕುದುರೆಯನ್ನು ಮನೆಯಲ್ಲೇ ನಿಲ್ಲಿಸಿದ್ದಾನೆಂದು ತಿಳಿದ ಮೇಲೆ ಚಾಚಾ ತಾವೇ ಬಸ್ಸು ಹತ್ತಿ ಅವನನ್ನು ಕರೆಯಲು ಹೋಗಿದ್ದರು. ಅವನು ಎತ್ತಿಗೆ ಲಾಳ ಹೊಡೆಯಲು ಹಳ್ಳಿಗಳ ಮೇಲೆ ಹೋಗಿದ್ದ. ಅವನು ಬರುವವರೆಗೆ ಅವನ ಮನೆಯ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದರು.

ಅಲ್ಲಿ ಕಾಯುತ್ತ ಕೂತರು. ಇಕ್ಕಳ ಇಲ್ಲಿ ಅವರ ಚೀಲದಲ್ಲೇ ಇತ್ತು. ನಾಲ್ಕೈದು ನಿಮಿಷದ ಕೆಲಸ. ಈ ಕಟ್ಟಿನ ಮೇಲೆ ನನಗಿರುವ ಸಿಟ್ಟು ಇಷ್ಟು ವರ್ಷವಾದರೂ ಆರಿಲ್ಲ. ಮನುಷ್ಯನ ಮಾನ ಕಾಯಲು ಮಾಡಿಕೊಂಡ ಕಟ್ಟು ಅದು, ಕುದುರೆಯ ಕಾಲು ಕಾಯಲು ಅಲ್ಲ. ಅದನ್ನು ಬಯ್ಯಲು ಕೂತಾಗಲೆಲ್ಲ ನಮ್ಮವರೇ ಅಡ್ಡ ಬರುತ್ತಾರೆ. ಒಬ್ಬ ಡಾಕ್ಟರ್ ಬರೆದ ಚೀಟಿಯನ್ನು ಇನ್ನೊಬ್ಬ ಹೊಡೆದುಹಾಕುವುದಿಲ್ಲ. ನಾನೂ ಹಾಕಿಲ್ಲ. ಮೇಲಿನವರು ಬರೆದದ್ದು ತಪ್ಪೆಂದು ಗೊತ್ತಿದ್ದೂ ಅದೇ ಔಷಧ ಮುಂದುವರಿಸಿದ್ದೇನೆ, ಅದಕ್ಕೆ ಶಿಷ್ಟಾಚಾರ ಎಂದು ಹೆಸರಿಟ್ಟಿದ್ದೇನೆ. ಅವರಲ್ಲಿ ಒಂದು ಗೆರೆಯಾದರೂ ಇತ್ತು. ನಮ್ಮಲ್ಲಿ ಅದೂ ಇಲ್ಲ.

ಅಂಗಳದಲ್ಲಿ ಅಕ್ಕಪಕ್ಕದ ಟಾಂಗಾದವರು ಸೇರಿದ್ದರು. ಬಸವಕಲ್ಯಾಣದವನು ಗೊರಸನ್ನು ಎತ್ತಿ, ಹೊರಮಗ್ಗುಲನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಆಮೇಲೆ ಚಾಚಾರ ಕಡೆ ತಿರುಗಿ ಕೇಳಿದ: “ಗುರ್ತ ಮಾಡಿದ್ದಿಲ್ಲೇನ್ರಿ?”

ಆಗ ನಾನು ಮುಂದೆ ಬಂದು, “ಅದನ್ನ ನಾ ಒರಸೀನಿ,” ಎಂದೆ. ನನ್ನ ದನಿ ನಡುಗಿದ್ದು ನೆನಪಿದೆ. ಟಾಂಗಾದವರು ನನ್ನತ್ತ ನೋಡಿದ್ದು, ಚಾಚಾ ತಲೆ ತಗ್ಗಿಸಿದ್ದು ಎಲ್ಲ ನೆನಪಿದೆ. ಮುಂದೆ ಹೊಸ ಡಾಕ್ಟರುಗಳಿಗೆ ತರಬೇತಿ ಕೊಡುವ ಕೆಲಸ ಬಂದಾಗ ಪ್ರತಿ ವರ್ಷ ಈ ಕತೆ ಹೇಳುತ್ತಿದ್ದೆ. ತಪ್ಪು ಮಾಡಬಹುದು, ಆದರೆ ಮಂದಿಯ ಮುಂದೆ ಒಪ್ಪಿಕೊಳ್ಳುವ ಎದೆ ಇರಬೇಕು ಎಂದು ಮುಗಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು.

ಬೀದರಿನಿಂದ ತರಿಸಿದ ಸೀರಂ ಚುಚ್ಚಿದೆ. ಕತ್ತಲ ಕೊಟ್ಟಿಗೆಯಲ್ಲಿ ಕಿವಿಗೆ ಹತ್ತಿ ತುರುಕಿ ನಿಲ್ಲಿಸಿದೆವು. ಸಣ್ಣ ಸದ್ದಾದರೂ ಕುದುರೆಯ ಮೈಯೆಲ್ಲ ಸೆಟೆಯುತ್ತಿತ್ತು. ಮೂರನೆಯ ದಿನ ಬಿತ್ತು, ಏಳಲಿಲ್ಲ. ಟಾಂಗಾದವನ ತಾಯಿ ಅದರ ಹಣೆಯ ಗೊಂಡೆಯನ್ನು ಬಿಚ್ಚಿಕೊಂಡು ಒಳಗೆ ಹೋದಳು.

ಅದಾದ ಕೆಲವು ತಿಂಗಳಿಗೆ ಬೇವಿನ ಮರದ ಕೆಳಗೆ ಚಾಚಾ ಕಾಣದಾದರು. ವಯಸ್ಸಾಯಿತೇನೋ ಎಂದುಕೊಂಡೆ. ವಿಚಾರಿಸಲಿಲ್ಲ. ಆಮೇಲೆ ನನಗೂ ವರ್ಗವಾಯಿತು.

ಮಾಣಿಕನಗರದ ಆ ಅಂಗಡಿಯ ಮುಂದೆ ನಿಂತು, ಸುಣ್ಣ ಹತ್ತಿದ ಬೆರಳು ಹಿಡಿದುಕೊಂಡು, ನಾನು ಟಾಂಗಾದವನಿಗೆ ಅದೇ ಹಳೆಯ ಪಾಠ ಒಪ್ಪಿಸಿದೆ. ತಪ್ಪಾಯಿತು, ನಿಜ, ಆದರೆ ಅವತ್ತೇ ಎಲ್ಲರ ಮುಂದೆ ಒಪ್ಪಿಕೊಂಡೆನಲ್ಲ, ನಿನ್ನ ಆ ಕೆಂಪು ಕುದುರೆಯ ಪಕ್ಕದಲ್ಲೇ ನಿಂತು, ಎಂದೆ.

“ಕೆಂಪಲ್ರಿ, ಕರೀದಿತ್ತು,” ಎಂದ ಅವನು. ಒಬ್ಬ ಗಿರಾಕಿಗೆ ತೆಂಗಿನಕಾಯಿ ಆರಿಸಿ ಕೊಟ್ಟು ಮತ್ತೆ ನನ್ನ ಕಡೆ ತಿರುಗಿದ. “ಮತ್ತ ನೀವೆಲ್ಲಿ ಒಪ್ಪಿದ್ರಿ ಸಾಬ್? ನೀವು ಸುಮ್ನ ನಿಂತಿದ್ರಿ. ಗುರ್ತ ಮಾಡೂದು ನಾನ ಮರತೆ ಅಂತ ಚಾಚಾ ಅಂದ್ರು.”

ನಾನು ಏನೋ ಹೇಳಲು ಹೋದೆ. ಆ ದನಿ ನಡುಗಿದ್ದು, ಅವರು ನೋಡಿದ್ದು... ಕುದುರೆಯ ಬಣ್ಣವನ್ನೇ ತಪ್ಪು ನೆನಪಿಟ್ಟುಕೊಂಡವನು ಯಾವ ಬಾಯಿಂದ ವಾದ ಮಾಡಬೇಕು? ಅವನಾದರೂ ಯಾಕೆ ಸುಳ್ಳು ಹೇಳಬೇಕು? ಅಂಗಡಿಯವನಿಗೆ ನನ್ನಿಂದ ಈಗ ಏನೂ ಆಗಬೇಕಾದ್ದಿರಲಿಲ್ಲ. ಹಾಗಾದರೆ ನೀನಾದರೂ ಯಾಕೆ ಹೇಳಲಿಲ್ಲ, ನಿನ್ನ ಕಣ್ಣೆದುರೇ ಒರೆಸಿದ್ದೆನಲ್ಲ ಎಂದು ಅವನ ಮೇಲೇ ಹರಿಹಾಯ್ದೆ.

“ಹೇಳಾಕ ಬಾಯಿ ತೆರದಿದ್ದೆ. ಚಾಚಾ ನನ್ನ ಕೈ ಹಿಡದು ಒತ್ತಿದ್ರು. ಆಮ್ಯಾಲ ಮರದ ಬುಡಕ್ಕ ಕೂತು ಅಂದ್ರು: ನಾಲಬಂದ ಇನ್ನೊಬ್ಬ ಸಿಗ್ತಾನ. ಆ ಹುಡುಗನ ಮ್ಯಾಲಿನ ನಂಬಿಕಿ ಹೋತಂದ್ರ ಊರಾಗಿನ ದನಕ್ಕ ಸೂಜಿ ಯಾರು ಹಾಕಿಸ್ತಾರ?”

ಉಳಿದದ್ದನ್ನು ಅವನು ಸಾವಕಾಶ ಹೇಳಿದ. ಗುರುತು ಮಾಡದೆ ಕುದುರೆ ಕೊಂದ ನಾಲಬಂದ ಎಂದು ಟಾಂಗಾದವರು ಒಬ್ಬೊಬ್ಬರಾಗಿ ಚಾಚಾರನ್ನು ಬಿಟ್ಟರಂತೆ. ಮುದುಕನ ಕಣ್ಣು ಹೋಗಿದೆ ಎಂದು ನಗಾಡಿದರಂತೆ. ಇವನು ಮಾತ್ರ, ಬೇರೆಯವರ ಟಾಂಗಾ ಓಡಿಸುತ್ತಿದ್ದರೂ, ಆ ಕುದುರೆಯನ್ನು ಅವರ ಹತ್ತಿರವೇ ಒಯ್ಯುತ್ತಿದ್ದನಂತೆ. ಒಂದು ಕುದುರೆಯಿಂದ ಹೊಟ್ಟೆ ತುಂಬುತ್ತದೆಯೇ? ಕೊನೆಗೆ ಚಾಚಾ ಬಸವಕಲ್ಯಾಣಕ್ಕೆ ಹೋಗಿ, ತಪ್ಪು ಮೊಳೆ ಹೊಡೆದ ಅದೇ ಮನುಷ್ಯನ ಕೈಕೆಳಗೆ, ಎತ್ತು ಕೆಡವಿ ಕಾಲು ಹಿಡಿದುಕೊಳ್ಳುವ ಕೆಲಸಕ್ಕೆ ನಿಂತರಂತೆ. ಅಲ್ಲೇ ತೀರಿಕೊಂಡರು.

ದುಃಖವಾಯಿತು ಎಂದು ಬರೆದರೆ ಇನ್ನೊಂದು ಸುಳ್ಳು ಸೇರುತ್ತದೆ. ಸಿಟ್ಟು ಬಂತು. ನಡುರಸ್ತೆಯಲ್ಲಿ ಕೂಗಬೇಕೆನ್ನುವಷ್ಟು ಸಿಟ್ಟು. ಯಾರು ಕೇಳಿದ್ದರು ಇವರನ್ನು? ನನ್ನ ತಪ್ಪು ನನಗೆ ಬಿಟ್ಟಿದ್ದರೆ ಒಂದು ವರ್ಷ ಊರು ಬಯ್ಯುತ್ತಿತ್ತು, ನಾನು ಕಲಿಯುತ್ತಿದ್ದೆ. ಅವರು ಅದನ್ನು ಎತ್ತಿಕೊಂಡು ಹೋದರು, ನನಗೆ ಚಪ್ಪಾಳೆ ಬಿಟ್ಟು ಹೋದರು. ನನ್ನ ಸೂಜಿಯ ಮೇಲೆ ಅವರಿಗೆ ಅಷ್ಟು ನಂಬಿಕೆ ಇತ್ತು. ಅವರ ಸುಣ್ಣದ ಮೇಲೆ ನನಗೆ ಒಂದು ಮಾತು ಕೇಳಿಸಿಕೊಳ್ಳುವಷ್ಟೂ ಇರಲಿಲ್ಲ. ಬಯ್ಯೋಣವೆಂದರೆ ಮನುಷ್ಯ ಇಲ್ಲ. ಕಾಲು ಹಿಡಿಯೋಣವೆಂದರೂ ಇಲ್ಲ.

ಲಾಳಗಳ ಮೇಲೆ ಯಾಕೆ ಆ ಗೆರೆ ಎಳೆಯುತ್ತೀ ಎಂದು ಕೇಳಿದೆ. ಕೈಗೆ ರೂಢಿಯಾಗಿದೆ ಎಂದ. ದೃಷ್ಟಿಗೇನು ಎಂದು ಗಿರಾಕಿಗಳು ಕೇಳುತ್ತಾರೆ, ಹೌದು ಅನ್ನುತ್ತೇನೆ ಎಂದ. ನಾನು ಒರೆಸಿದ ಲಾಳವನ್ನು ಅವನ ಮುಂದಿಟ್ಟು, ಇದಕ್ಕೆ ಇನ್ನೊಮ್ಮೆ ಎಳೆದುಕೊಡು ಎಂದೆ. ಅವನು ಎಲೆಗೆ ಹಚ್ಚುವ ಸುಣ್ಣದ ಡಬ್ಬಿಯನ್ನು ನನ್ನ ಕಡೆ ಸರಿಸಿದ.

“ಹೊಡದವನ ಬಿಚ್ಚಬೇಕು, ಒರಸಿದವರ ಹಚ್ಚಬೇಕ್ರಿ.”

ಹಚ್ಚಿದೆ. ಗೆರೆ ಸೊಟ್ಟಗೆ ಬಂತು. ಒಣಗಲು ಬಿಟ್ಟೆವು. ಆಮೇಲೆ ಅವನು ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟ.

ಈಗ ಅದು ನನ್ನ ಮೇಜಿನ ಮೇಲೆ, ಪುಸ್ತಕಗಳ ಪಕ್ಕದಲ್ಲಿದೆ. ಮೊನ್ನೆ ಹೆಂಡತಿ ಧೂಳು ಒರೆಸುತ್ತ ಅದನ್ನು ಕೈಗೆತ್ತಿಕೊಂಡಳು. ಅದರ ಮೇಲಿನ ಸುಣ್ಣ ಒರೆಸಬೇಡ ಎಂದೆ. ಜೀವಮಾನವೆಲ್ಲ ಇಂಥದ್ದನ್ನು ಬಯ್ದವರು, ಇದೇನಿದು ಎಂದು ಆಶ್ಚರ್ಯದಿಂದ ಕೇಳಿದಳು. ಹೇಳಬೇಕೆಂದು ಬಾಯಿ ತೆರೆದೆ.

“ದೃಷ್ಟಿಗೆ,” ಎಂದೆ.